ಹನ್ನೆರಡನೇ ಕೋಣೆಯ ಡಾಟ್‌ಗೆ ನಾನು ಹೇಳಿದ ಸಮಾಧಾನ

೨೦೧೪ರಲ್ಲಿ ನಾನು ಮೆಲ್ಬರ್ನ್‌ನ ಟ್ರುಗನಿನಾ ಕಡೆಯ ಒಂದು ಏಜ್ಡ್ ಕೇರ್‌ನಲ್ಲಿ, ಅಂದರೆ ವೃದ್ಧರನ್ನು ನೋಡಿಕೊಳ್ಳುವ ಮನೆಯಲ್ಲಿ, ಕ್ಲೀನರ್ ಆಗಿದ್ದೆ. ಆಗ ನನಗೆ ಅರವತ್ತೊಂದು. ಮಂಗಳೂರಿನಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದಿನಕ್ಕೆ ಹದಿನೆಂಟು ಕೋಣೆ ಒರೆಸಬೇಕಿತ್ತು. ಅದಕ್ಕೆ ಓದು ಬೇಡ, ಸೊಂಟ ಗಟ್ಟಿ ಇದ್ದರೆ ಸಾಕು. ಇಂಗ್ಲಿಷ್ ಮಾತಾಡುತ್ತಿದ್ದೆ, ಬರೆಯಲು ಬರುತ್ತಿರಲಿಲ್ಲ. ಅಲ್ಲಿ ಒಂದು ನಿಯಮವಿತ್ತು. ಯಾರಾದರೂ ಮಾಮೂಲಿನಂತಿಲ್ಲ ಎಂದು ಕಂಡರೆ ಕ್ಲೀನರ್ ಕೂಡ ನರ್ಸಿಗೆ ಹೇಳಬೇಕು, ನರ್ಸ್ ಅದನ್ನು ಕಂಪ್ಯೂಟರಿಗೆ ಹಾಕಬೇಕು. ನಮ್ಮ ನರ್ಸ್ ರಶ್ಮಿ, ಮೈಸೂರಿನ ಹುಡುಗಿ.

ಹನ್ನೆರಡನೇ ಕೋಣೆಗೆ ಡಾಟ್ ಎಂಬ ಎಪ್ಪತ್ತೆಂಟರ ಮುದುಕಿ ಬಂದಳು. ನೀಲಿ ಕಣ್ಣು, ಬಿಸಿಲಿಗೆ ನಿಂತರೆ ಕೆಂಪಾಗುವ ಮೈ. ಮೂರನೇ ದಿನ ನಾನು ಕಿಟಕಿ ಒರೆಸುತ್ತಿದ್ದಾಗ, "ನಾನು ಬ್ಲ್ಯಾಕ್ ಹೆಂಗಸು, ಗೊತ್ತಾ ನಿನಗೆ?" ಅಂದಳು.

ನಮ್ಮಲ್ಲಿ ಹೆಂಗಸು ತನ್ನನ್ನು ಕಪ್ಪು ಅಂದುಕೊಂಡರೆ ಅಲ್ಲ ಅನ್ನುವುದೇ ಮರ್ಯಾದೆ. ಮದುವೆಗೆ ಮೊದಲು ನನಗೂ ಎಲ್ಲರೂ ಹಾಗೇ ಹೇಳಿದ್ದರು, ಕನ್ನಡಿ ಬೇರೆಯೇ ಹೇಳುತ್ತಿತ್ತು. ಅದೇ ರೂಢಿಯಲ್ಲಿ ನಾನೂ ಅಂದೆ: "ಛೆ, ನೀವೆಲ್ಲಿ ಕಪ್ಪು? ಒಳ್ಳೆ ಫೇರ್ ಇದ್ದೀರಿ."

ಅವಳು ಗೋಡೆ ಕಡೆ ತಿರುಗಿ ಕೂತಳು. ಮಧ್ಯಾಹ್ನ ಊಟ ಮುಟ್ಟಲಿಲ್ಲ.

ನಾನು ಹೋಗಿ ರಶ್ಮಿಗೆ ಹೇಳಿದೆ. "ಅವಳು ತಾನು ಕಪ್ಪು ಅಂತಾಳೆ. ತಲೆ ಸ್ವಲ್ಪ ಕೆಟ್ಟ ಹಾಗಿದೆ."

"ಕನ್ಫ್ಯೂಷನ್ ಅಂತ ನೋಟ್ ಹಾಕ್ತೀನಿ ಆಂಟಿ," ಅಂದಳು ರಶ್ಮಿ. ಹಾಕಿದಳು.

ಎರಡು ವಾರದ ಮೇಲೆ ಸಿಡ್ನಿಯಿಂದ ಡಾಟ್‌ಳ ತಂಗಿ, ಮೇ ಎಂಬುವಳು, ಬಂದಳು. ನನಗಿಂತಲೂ ಒಂದು ಕೈ ಹೆಚ್ಚು ಕಪ್ಪು. ಒಂದೇ ತಾಯಿ, ಒಂದೇ ತಂದೆ. ತಂದೆ ಬಿಳಿಯ, ತಾಯಿ ಅಬೊರಿಜಿನಲ್, ಅಂದರೆ ಈ ನೆಲದ ಮೂಲ ಜನ. ಅವರಲ್ಲಿ ಎಷ್ಟೋ ಮಂದಿ, ಮೈ ಬಣ್ಣ ಏನೇ ಇರಲಿ, ತಮ್ಮನ್ನು ಬ್ಲ್ಯಾಕ್ ಎಂದೇ ಕರೆದುಕೊಳ್ಳುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಸಿಡ್ನಿಯಲ್ಲಿ ಅವರ ಜನರೇ ನಡೆಸುವ ಹಿರಿಯರ ಮನೆಯಲ್ಲಿ, ಮೇಯ ಪಕ್ಕದಲ್ಲೇ, ಒಂದು ಕೋಣೆ ಖಾಲಿಯಾಗಿತ್ತು. ಆದರೆ ತಲೆ ಕೆಟ್ಟವರಿಗೆ ಅಲ್ಲಿ ಜಾಗವಿಲ್ಲ. ನನ್ನ ನೋಟ್ ಹಾಗೇ ಉಳಿದರೆ ಡಾಟ್ ನಮ್ಮಲ್ಲೇ ಉಳಿದು ಬೀಗ ಹಾಕುವ ವಾರ್ಡಿಗೆ ಹೋಗಬೇಕು.

ಮೇ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು. "ಇವಳಿಗೆ ಆರು ವರ್ಷ ಇದ್ದಾಗ ಸರ್ಕಾರದವ್ರು ಬಂದ್ರು. ಬೆಳ್ಳಗಿದ್ದಾಳೆ, ಬಿಳಿಯರ ಹಾಗೆ ಬೆಳೆಸ್ಬೇಕು ಅಂತ ಇವಳನ್ನ ಎತ್ಕೊಂಡು ಹೋದ್ರು, ಕಪ್ಪಗಿದ್ದೀನಿ ಅಂತ ನನ್ನನ್ನ ಬಿಟ್ರು. ಅವ್ರು ಇಟ್ಟ ಹಾಸ್ಟೆಲ್ಲಿನಲ್ಲಿ ಹನ್ನೊಂದು ವರ್ಷ ದಿನಾ ಹೇಳಿದ್ರು, ನೀನು ಬ್ಲ್ಯಾಕ್ ಅಲ್ಲ, ನಿನ್ನ ಅಮ್ಮ ಸತ್ತಳು ಅಂತ. ಅಮ್ಮ ಸತ್ತಿರಲಿಲ್ಲ. ನೀನೂ ಬಂದು ಅದನ್ನೇ ಹೇಳಿದೆ."

ನಾನು ನೇರ ರಶ್ಮಿ ಹತ್ತಿರ ಹೋದೆ. "ಆ ನೋಟ್ ತೆಗಿ."

"ತೆಗೆಯೋಕಾಗಲ್ಲ ಆಂಟಿ, ಹಾಕಿದ್ದು ಹಾಕಿದ್ದೇ. ಗುರುವಾರ ಅವಳ ವಿಷಯಕ್ಕೇ ಮೀಟಿಂಗ್ ಇದೆ, ನೀವೇ ಬಂದು ಹೇಳ್ಬೇಕು. ಆದ್ರೆ ಇಲ್ಲಿರೋ ರೆಸಿಡೆಂಟ್ ಹತ್ರ ಬಣ್ಣದ ಮಾತಾಡಿದ್ರಿ ಅಂತ ಕೆಲಸ ಹೋಗ್ಬಹುದು."

"ಹೋದ್ರೆ ಹೋಗ್ಲಿ. ಒರೆಸ್ಲಿಕ್ಕೆ ನೆಲ ಎಲ್ಲ ಕಡೆ ಉಂಟು."

ಮೀಟಿಂಗಿನಲ್ಲಿ ಮ್ಯಾನೇಜರ್, ಡಾಕ್ಟರ್, ಅಕ್ಕತಂಗಿಯರು ಕೂತಿದ್ದರು. ಸಿಡ್ನಿಯ ಮನೆ ನೋಡಿಕೊಳ್ಳುವ ಹಿರಿಯ ಹೆಂಗಸು ಸ್ಪೀಕರ್ ಫೋನಿನಲ್ಲಿದ್ದರು. ನಾನು ನಿಂತೇ ಹೇಳಿದೆ: "ಡಾಟ್ ಹೇಳಿದ್ದು ಸರಿ. ನಾನು ಮುಖ ನೋಡಿ ತೀರ್ಮಾನ ಮಾಡಿದೆ."

"ಹಾಗಾದರೆ ಕನ್ಫ್ಯೂಷನ್ ಯಾರಿಗಿತ್ತು?" ಡಾಕ್ಟರ್ ಕೇಳಿದ.

"ನನಗೆ. ನನ್ನ ಹೆಸರಲ್ಲೇ ಬರೆಯಿರಿ."

ಡಾಕ್ಟರ್ ಡಾಟ್‌ಳನ್ನು ವಾರ, ತಿಂಗಳು, ಲೆಕ್ಕ ಎಲ್ಲ ಕೇಳಿದ. ಅವಳು ಒಂದೂ ತಪ್ಪಲಿಲ್ಲ. ಆಮೇಲೆ ಫೋನಿನ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಅಜ್ಜಿ ಯಾರು?" ಡಾಟ್ ಅಜ್ಜಿಯ ಹೆಸರು, ಅವರ ನದಿಯ ಹೆಸರು ಹೇಳಿದಳು.

"ಆ ಅಜ್ಜಿಯನ್ನ ನನ್ನ ಅಮ್ಮ ನೆನೆಸಿಕೊಳ್ತಿದ್ದಳು. ಬಾ ಇಲ್ಲಿಗೆ," ಅಂದರು ಫೋನಿನ ಹೆಂಗಸು.

ನಮ್ಮ ಮಂಗಳೂರಿನ ಕ್ರಿಶ್ಚಿಯನ್ನರೂ ಹೀಗೇ, ಯಾವ ಇಗರ್ಜಿ, ಅಂದರೆ ಯಾವ ಚರ್ಚು, ಯಾರ ಮಗಳು ಎಂದು ಕೇಳಿ ಗುರುತು ಹಿಡಿಯುತ್ತಾರೆ. ಅಷ್ಟು ಗೊತ್ತಿದ್ದೂ ನಾನು ಡಾಟ್‌ಳನ್ನು ಕೇಳಿರಲಿಲ್ಲ.

ನನಗೆ ಒಂದು ವಾರ್ನಿಂಗ್ ಲೆಟರ್ ಬಂತು. ರಶ್ಮಿಯೇ ಓದಿ ಹೇಳಿದಳು. ಕೆಲಸ ಉಳಿಯಿತು.

ಮರುವರ್ಷ ನೆಂಟರ ಮಗುವಿನ ದೀಕ್ಷಾಸ್ನಾನಕ್ಕೆ ಸಿಡ್ನಿಗೆ ಹೋದವಳು ಡಾಟ್‌ಳನ್ನು ನೋಡಿಬಂದೆ. ಜಗಲಿಯಲ್ಲಿ ಏಳೆಂಟು ಮುದುಕಿಯರ ನಡುವೆ ಕೂತಿದ್ದಳು, ಒಬ್ಬೊಬ್ಬಳದು ಒಂದೊಂದು ಬಣ್ಣ.

"ಇವಳೇ ನೋಡ್ರೇ, ನನ್ನನ್ನ ಬೆಳ್ಳಗೆ ಮಾಡಿ ಕೂರಿಸಿದ್ದವಳು," ಅಂದಳು. ಎಲ್ಲರೂ ನಕ್ಕರು.

"ನಿಮ್ಮೆಲ್ಲರಿಗಿಂತ ನಾನೇ ಕಪ್ಪು ಕಾಣ್ತೀನಲ್ಲ," ಅಂದೆ.

"ಕಾಣ್ತೀಯ. ಆದ್ರೆ ನೀನು ನಮ್ಮವಳಲ್ಲ. ಕೂತ್ಕೋ, ಟೀ ಕುಡಿ."

ಆಮೇಲೂ ನಾಲ್ಕು ವರ್ಷ ಆ ಕೆಲಸ ಮಾಡಿದೆ. ಹೊಸಬರು ಬಂದರೆ ಊರು ಯಾವುದು, ತಾಯಿ ಯಾರು ಎಂದು ಮೊದಲು ಕೇಳುತ್ತಿದ್ದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ನರ್ಸಿಗೆ ಮುಟ್ಟಿಸುತ್ತಿದ್ದೆ. ನನಗೆ ಅನ್ನಿಸಿದ್ದನ್ನು ಅದಕ್ಕೆ ಸೇರಿಸುತ್ತಿರಲಿಲ್ಲ.