ಮಗ್ಗುಲಿಗೆ ಹೊರಳಿಸುವ ಪಾಠ

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿದ್ದ ಕಾಲ. ಬೇಸಿಗೆ ಬಂತೆಂದರೆ ಪಾಮನಕಲ್ಲೂರಿನ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹತ್ತಿಗೇ ಹೆಚ್ಚು ಜಾಗ. ಧಾರಣೆ ಏರಲಿ ಎಂದು ಅಪ್ಪ ಹತ್ತಿಯನ್ನೆಲ್ಲ ಒಳಕೋಣೆಯಲ್ಲಿ ರಾಶಿ ಹಾಕಿಸುತ್ತಿದ್ದ. ನಾನೂ ನೀಲಕ್ಕನೂ ಕಿಟಕಿಯ ಕಟ್ಟೆ ಹತ್ತಿ ಆ ರಾಶಿಗೆ ಹಾರುತ್ತಿದ್ದೆವು. ಸೊಂಟದವರೆಗೆ ಹೂತುಹೋಗುತ್ತಿದ್ದೆವು. ಮೂಗಿನ ತುಂಬ ಹತ್ತಿಕಾಳಿನ ವಾಸನೆ, ಜಡೆಯ ತುಂಬ ಎಳೆ.

ನೀಲಕ್ಕನಿಗೆ ಹನ್ನೊಂದು, ನನಗೆ ಒಂಬತ್ತು. ಅವಳಿಗೆ ಮೂರ್ಛೆರೋಗವಿತ್ತು. ಅವಳು ಬಿದ್ದಾಗ ಮನೆಯವರು ಮೊದಲು ಬೀದಿಬಾಗಿಲು ಹಾಕುತ್ತಿದ್ದರು. ಅಂಗೈಗೆ ಕೀಲಿಗೊಂಚಲು ಒತ್ತುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಎಲ್ಲ ಆಮೇಲೆ. ಮದುವೆಯ ವಯಸ್ಸಿಗೆ ಬಂದ ದೊಡ್ಡಕ್ಕ ಮನೆಯಲ್ಲಿದ್ದಳು. ತಂಗಿಯ ರೋಗ ಹೊರಗೆ ಗೊತ್ತಾದರೆ ಅಕ್ಕನನ್ನು ಯಾರು ಕೇಳುತ್ತಾರೆ?

ಆ ಬೇಸಿಗೆ ಲಿಂಗಸುಗೂರಿನಲ್ಲಿ ಒಬ್ಬ ಡಾಕ್ಟರಮ್ಮ, ರಜೆಗೆ ಖಾಲಿ ಬಿದ್ದಿದ್ದ ಸಾಲೆಯಲ್ಲಿ, ವರ್ಷಗಟ್ಟಲೆ ಕಾಯಿಲೆ ಬಿಡದ ಮಕ್ಕಳಿಗಾಗಿ ಹದಿನೈದು ದಿನದ ಶಿಬಿರ ನಡೆಸಿದರು. ಮೂರ್ಛೆಯ ಮಗುವಿನ ಜೊತೆ ಮನೆಯಿಂದ ಇನ್ನೊಬ್ಬರು ಬಂದು, ನೋಡಿಕೊಳ್ಳುವುದನ್ನು ಕಲಿಯಬೇಕು ಎಂದು ಅವರ ಕರಾರು. ಹಾಗೆ ನಾನೂ ಹೋದೆ. ಹುಡುಗಿಯರು ದಢೇಸುಗೂರಿಗೆ, ಸೋದರತ್ತೆಯ ಮನೆಗೆ ಹೋಗಿದ್ದಾರೆ ಎಂದು ಅಪ್ಪ ಊರಿಗೆಲ್ಲ ಹೇಳಿದ.

ಬೆಳಿಗ್ಗೆ ಮಜ್ಜಿಗೆ ಬೆರೆಸಿದ ಅಂಬಲಿ, ಗುಳಿಗೆ. ಮಧ್ಯಾಹ್ನ ಬೇವಿನ ನೆರಳಲ್ಲಿ ಕರಬೂಜದ ಹೋಳು. ಡಾಕ್ಟರಮ್ಮ ಕಲಿಸಿದ್ದು ಸಣ್ಣ ಪಾಠ. ಬಿದ್ದವರನ್ನು ಮಗ್ಗುಲಿಗೆ ಹೊರಳಿಸಬೇಕು, ಮೂಗು ಬಾಯಿಗೆ ಏನೂ ಅಡ್ಡ ಇರಬಾರದು, ಎಚ್ಚರಾಗುವ ತನಕ ಬಿಟ್ಟು ಏಳಬಾರದು. ನಾವು ಅದನ್ನೇ ಆಟ ಮಾಡಿಕೊಂಡೆವು. ಮಸ್ಕಿಯಿಂದ ಬಂದಿದ್ದ ದಮ್ಮಿನ ಹುಡುಗ ಮಸ್ತಾನ ಸುಳ್ಳುಸುಳ್ಳೇ ಬೀಳುತ್ತಿದ್ದ, ನಾನು ಹೊರಳಿಸುತ್ತಿದ್ದೆ.

“ಹಗೂರ ಬೇ, ನಾ ಏನ್ ಜ್ವಾಳದ ಚೀಲ ಏನು?” ಎನ್ನುತ್ತಿದ್ದ.

ಒಂದು ದಿನ ನೀಲಕ್ಕ ಅವನನ್ನು ಎಬ್ಬಿಸಿದಳು. “ಹಂಗ ಬೀಳಾಂಗಿಲ್ಲೋ ಮಸ್ತಾನ. ಬೀಳೋದು ಹ್ಯಾಂಗಂತ ನನ್ನ ಕೇಳು.”

ತನ್ನ ರೋಗದ ಮಾತಾಡಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಎರಡು ದಿನದ ಮೇಲೆ ಅವಳು ನಿಜವಾಗಿ ಬಿದ್ದಳು. ನಾನೇ ಹೊರಳಿಸಿದೆ. ಎಚ್ಚರಾದ ಕೂಡಲೇ, ಎಷ್ಟು ಮಂದಿ ನೋಡಿದರು ಎಂದು ಕೇಳಿದಳು. ಎಲ್ಲರೂ ಎಂದೆ. ಎದ್ದು ಕೂತು, ತನ್ನ ಪಾಲಿನ ಕರಬೂಜ ಎಲ್ಲಿ ಎಂದಳು.

ಊರಿಗೆ ಮರಳಿ ತಿಂಗಳೂ ಆಗಿರಲಿಲ್ಲ. ಸಿಂಧನೂರಿನಿಂದ ಗಂಡಿನ ಕಡೆಯವರು ದೊಡ್ಡಕ್ಕನ ನಿಶ್ಚಯಕ್ಕೆ ಬಂದರು. ಅಪ್ಪ ನೀಲಕ್ಕನನ್ನು ಹತ್ತಿಯ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ. ಒಬ್ಬಳನ್ನೇ ಬಿಡಬಾರದೆಂದು ಡಾಕ್ಟರಮ್ಮ ಹೇಳಿದ್ದಾರೆ, ನಾನೂ ಒಳಗಿರುತ್ತೇನೆ ಎಂದೆ. ಅವ್ವ ನನ್ನ ಕೈಗೆ ಸಕ್ಕರೆಯ ತಾಟು ಕೊಟ್ಟಳು.

“ಗುಳಗಿ ನುಂಗ್ಯಾಳ. ಎರಡ ತಾಸಿಗೆ ಏನಾಗ್ತದ? ಅಕ್ಕನ ಬಾಳೇವು ಕೆಡಸ್ತಿ ಏನು?”

“ನೀ ಹೋಗಬೇ,” ಎಂದಳು ನೀಲಕ್ಕ ಬಾಗಿಲ ಆಚೆಯಿಂದ. “ನಾ ಇಲ್ಲೇ ಹತ್ಯಾಗ ಹಾರತೀನಿ.”

ನಾನು ಸಕ್ಕರೆ ಹಂಚಿದೆ. ನಡುವಿನ ಹುಡುಗಿ ಎಲ್ಲಿ ಎಂದು ಬೀಗಿತ್ತಿ ಕೇಳಿದಾಗ, ಸೋದರತ್ತೆಯ ಮನೆಯಲ್ಲಿದ್ದಾಳೆ ಎಂದು ಅವ್ವ ನಗುತ್ತಲೇ ಹೇಳಿದಳು. ನಾನೂ ನಕ್ಕೆ.

ಬೀಗರ ಬಂಡಿಗಳು ಹೋದ ಮೇಲೆ ಚಿಲಕ ತೆಗೆದರು. ನೀಲಕ್ಕ ಹತ್ತಿಯಲ್ಲಿ ಬೋರಲಾಗಿ ಬಿದ್ದಿದ್ದಳು. ನಾನು ಓಡಿಹೋಗಿ ಮಗ್ಗುಲಿಗೆ ಹೊರಳಿಸಿದೆ. ಮೂಗು ಬಾಯಿಯ ಹತ್ತಿಯನ್ನು ಬೆರಳು ಹಾಕಿ ತೆಗೆದೆ. ತಣ್ಣಗಾಗಿದ್ದ ಅಂಗೈಗೆ ಅವ್ವ ಕೀಲಿಗೊಂಚಲು ಒತ್ತುತ್ತಲೇ ಇದ್ದಳು.

ಜ್ವರ ಬಂದು ಹೋದಳು ಎಂದು ಊರಿಗೆ ಹೇಳಿದರು. ಶ್ರಾವಣ ಕಳೆದ ಮೇಲೆ ಮದುವೆಯೂ ಆಯಿತು. ಒಳಗಿನವರು ವಿಧಿ ಅಂದರು. ಆ ಮಾತು ಕೇಳಿದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಚಿಲಕ ಹಾಕಿದ್ದು ವಿಧಿಯಲ್ಲ, ಅಪ್ಪ. ನಾವು ಸಾಲೆಯಲ್ಲಿ ಕಲಿತು ಬಂದದ್ದೇನು ಎಂದು ಆ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಪ್ಪ ಹೋದ, ದೊಡ್ಡಕ್ಕ ಹೋದಳು. ಅವ್ವ ಕೊನೆಗಾಲಕ್ಕೆ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಳು. ಅಷ್ಟು ವರ್ಷ ಆ ಮಾತೆತ್ತದವಳು ಒಂದು ಮಧ್ಯಾಹ್ನ ಕೇಳಿದಳು: “ಅವತ್ತ ನೀ ಒಳಗಿದ್ದಿದ್ರ ಏನ್ ಮಾಡ್ತಿದ್ದಿ?”

ಅವಳ ಭುಜ, ಸೊಂಟ ಹಿಡಿದು ಮಗ್ಗುಲಿಗೆ ಹೊರಳಿಸಿದೆ. ಬಾಯಿಯ ಹತ್ತಿರದ ದಿಂಬು ಸರಿಸಿದೆ.

“ಹಿಂಗ ಮಾಡ್ತಿದ್ದೆ.”

“ಇಷ್ಟೇನಾ?”

“ಇಷ್ಟೇ ಬೇ.”

ಅವ್ವ ಗೋಡೆ ನೋಡುತ್ತ ಮಲಗಿದಳು. ಸಮಾಧಾನದ ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಹೋದ ತಿಂಗಳು ಅವ್ವನನ್ನೂ ಮಣ್ಣು ಮಾಡಿ ಬಂದೆವು. ಹತ್ತಿಗೆ ಹಾರುತ್ತಿದ್ದ ನೀಲಕ್ಕನನ್ನು ಕಂಡವರು ನಮ್ಮ ಮನೆಯಲ್ಲಿ ಈಗ ನಾನೊಬ್ಬಳೇ. ಆ ಸಾಲೆಯ ಅಂಗಳದಲ್ಲಿ ಹದಿನೈದು ದಿನ ಅವಳು ಯಾರಿಂದಲೂ ಅಡಗದೆ ಬದುಕಿದ್ದಳು. ಉಳಿದದ್ದೆಲ್ಲ ಬಾಗಿಲ ಹಿಂದೆ. ಇನ್ನು ಮುಚ್ಚಿಡಲು ಯಾರ ಮದುವೆಯೂ ಇಲ್ಲ. ನೀಲಕ್ಕನಿಗೆ ಜ್ವರ ಬಂದಿರಲಿಲ್ಲ.