ಬೆರಳು ಕ್ಯಾಮೆರಾಗೆ ಕಾಣಬಾರದಂತೆ

ನಾನು ನಿರ್ದೇಶಿಸಿದ ಅತಿ ಕಷ್ಟದ ಚಿತ್ರದ ಕಥೆ ಇಷ್ಟೇ: ಹದಿಮೂರರಲ್ಲಿ ಐದು ಕಳೆದರೆ ಎಂಟು. ನಾಯಕಿ ನನ್ನ ತಂಗಿ ಪುಟ್ಟಿ, ಎರಡನೇ ಕ್ಲಾಸು. ಲೊಕೇಶನ್, ಮೂಡಲಪಾಳ್ಯದ ನಮ್ಮ ಮನೆಯ ಹಾಲ್. ಲೆಕ್ಕ ಹೇಗೆ ಮಾಡಿದೆ ಅಂತ ಮಗುವೇ ಹೇಳುವ ವಿಡಿಯೊವನ್ನು ಕ್ಲಾಸ್ ಗ್ರೂಪಿಗೆ ಕಳಿಸಿ ಎಂದು ಅವಳ ಮಿಸ್ ಕೇಳಿದ್ದರು. ನಮ್ಮ ಏರಿಯಾದ ತಾಯಂದಿರು ಅದನ್ನು ಸಿನಿಮಾ ಸ್ಪರ್ಧೆ ಅಂದುಕೊಂಡರು.

ಆ ವಿಡಿಯೊಗಳನ್ನು ನೀವು ನೋಡಬೇಕು. ಹಿಂದೆ ಪರದೆಯಾಗಿ ರೇಷ್ಮೆ ಸೀರೆ. ಮಗುವಿನ ತಲೆಯಲ್ಲಿ ಇಡೀ ಮದುವೆಗೆ ಸಾಲುವಷ್ಟು ಮಲ್ಲಿಗೆ. ಫೋನಿನ ಹಿಂದೆ ಅಮ್ಮ ಹಿಡಿದ ಚಾರ್ಟನ್ನು ಓದುತ್ತಾ ಮಗುವಿನ ಕಣ್ಣು ಎಡದಿಂದ ಬಲಕ್ಕೆ ಬಸ್ಸಿನ ವೈಪರ್ ಥರ ಓಡುತ್ತಿರುತ್ತದೆ. ಒಬ್ಬನಂತೂ ವ್ಯವಕಲನ ಮುಗಿಸಿ, ಸಬ್‌ಸ್ಕ್ರೈಬ್ ಆಗಿ ಅಂದ.

ನಮ್ಮಲ್ಲಿ ಅಪ್ಪ ಫ್ಯಾನಿನ ಸದ್ದು ಬರದಂತೆ ಸ್ವಿಚ್ ಕಾಯುತ್ತಿದ್ದರು. ಅಮ್ಮ ಚಾರ್ಟ್ ಹಿಡಿದಿದ್ದಳು. ರೀಲ್ಸ್ ಮಾಡಿ ಕಾಲೇಜಿನಲ್ಲಿ ಹೆಸರು ಕೆಡಿಸಿಕೊಂಡಿರುವ ನಾನು ಸಹಜವಾಗಿಯೇ ನಿರ್ದೇಶಕ. ಅಮ್ಮನದು ಒಂದೇ ಷರತ್ತು, ಪುಟ್ಟಿಯ ಬೆರಳು ಕಾಣಬಾರದು. ಅವಳು ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆಗಳ ಮೇಲೆ ಓಡಿಸಿ ಎಣಿಸುತ್ತಾಳೆ. ಇನ್ನೂ ಬೆರಳೆಣಿಸುತ್ತಾಳೆ ಅಂತ ಗ್ರೂಪಿನವರು ಆಡಿಕೊಂಡರೆ ಅಮ್ಮನ ಮಾನ ಹೋಗುತ್ತದೆ.

ಬೆರಳು ಮಾಡಿದ ತಪ್ಪಾದರೂ ಏನು? ರೇಷನ್ ಕೊಡಲು ಸರ್ಕಾರ ಒತ್ತಿಸಿಕೊಳ್ಳುವುದು ಬೆರಳನ್ನೇ. ವೋಟು ಹಾಕಿದ್ದಕ್ಕೆ ಸಾಕ್ಷಿಯೂ ಬೆರಳೇ. ಇಡೀ ದೇಶ ನಂಬುವ ಬೆರಳನ್ನು ಎರಡನೇ ಕ್ಲಾಸಿನ ಲೆಕ್ಕ ಮಾತ್ರ ನಂಬಬಾರದಂತೆ!

ಪುಟ್ಟಿ ಕೈ ಹಿಂದೆ ಕಟ್ಟಿಕೊಂಡು ಚಾರ್ಟ್ ಓದಲು ಶುರು ಮಾಡಿದಳು. ಒಮ್ಮೆ ಕುಕ್ಕರ್ ಕೂಗಿತು. ಇನ್ನೊಮ್ಮೆ ಸೊಪ್ಪಿನವನ ಮೈಕು. ಆಮೇಲೆ ಹತ್ತರ ಸ್ಥಾನಕ್ಕೆ ಚಾರ್ಟಿನಲ್ಲಿ ಬರೆದಿದ್ದ 'ದಶಕ' ಅನ್ನುವ ಪದಕ್ಕೆ ಬಂದು ತೊದಲಿದಳು. ಕಣ್ಣು ತುಂಬಿ ಬಂತು. ಗೊತ್ತಿರುವ ಲೆಕ್ಕ ಗೊತ್ತಿಲ್ಲದ ಹಾಗೆ ಕಾಣುತ್ತಿತ್ತು, ಅವಳಿಗೇ. ಇದ್ದಕ್ಕಿದ್ದಂತೆ ನೆಲದ ಮೇಲೆ ಕೂತು, ಕೈಯನ್ನು ಕ್ಯಾಮೆರಾಗೆ ಹಿಡಿದಳು.

"ಮಿಸ್, ನಾಲ್ಕು ಬೆರಳಲ್ಲಿ ಹನ್ನೆರಡು ಗೆರೆ. ಹದಿಮೂರಕ್ಕೆ ಒಂದು ಕಮ್ಮಿ. ಅದಕ್ಕೆ ನಮ್ಮಣ್ಣಂದು ಒಂದು ಗೆರೆ ತಗೊಂಡೆ."

ನನ್ನ ಬೆರಳನ್ನು ಎಳೆದು ಫ್ರೇಮಿನೊಳಗೆ ಹಾಕಿಕೊಂಡಳು. ಐದು ಕಳೆಯಲು ಮೊದಲು ನನ್ನದನ್ನು ವಾಪಸ್ ಕೊಟ್ಟಳು, ಆಮೇಲೆ ತನ್ನ ಗೆರೆಗಳಲ್ಲಿ ನಾಲ್ಕನ್ನು ಬಿಟ್ಟಳು. ಉಳಿದಿದ್ದು ಎಂಟು.

"ಅದನ್ನ ಡಿಲೀಟ್ ಮಾಡೋ," ಅಂದಳು ಅಮ್ಮ.

"ಮಿಸ್ ಕೇಳಿದ್ದು ಇವಳು ಹೇಗ್ ಮಾಡಿದ್ಲು ಅಂತ ಕಣಮ್ಮ. ನೀನ್ ಹೇಗ್ ಮಾಡ್ತೀಯ ಅಂತಲ್ಲ," ಅಂದೆ. ಅಮ್ಮನ ಫೋನು ನನ್ನ ಕೈಯಲ್ಲೇ ಇತ್ತು. ಕಳಿಸಿಬಿಟ್ಟೆ. ಅಮ್ಮ ಎರಡು ದಿನ ನನ್ನ ದೋಸೆಗೆ ಚಟ್ನಿ ಹಾಕಲಿಲ್ಲ. ಕಲೆಗಾಗಿ ಇದನ್ನೂ ಸಹಿಸಿದೆ.

ಮೂರನೇ ದಿನ ಪುಟ್ಟಿಗೆ ಮಿಸ್ ವಾಯ್ಸ್ ಮೆಸೇಜ್ ಕಳಿಸಿದರು. "ನಿನ್ ಲೆಕ್ಕ ಅರ್ಥ ಆಯ್ತು ಪುಟ್ಟಾ. ನಲವತ್ತರಲ್ಲಿ ಒಂಬತ್ತು ಹೋದ್ರೆ ಯಾರ್ ಯಾರ ಬೆರಳು ಬೇಕು, ಹೇಳು ನೋಡೋಣ."

ಪುಟ್ಟಿ ಎಲ್ಲರನ್ನೂ ಹಾಲ್‌ಗೆ ಕರೆದಳು. ಅಪ್ಪ ಈ ಸಲ ಸ್ವಿಚ್ ಕಾಯದೆ ಬಂದು ಕೈ ಚಾಚಿದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ತಾನೂ ಚಾಚಿದಳು. ನಾನು ಫೋನ್ ಹಿಡಿದು, ಎಲ್ಲರೂ ಸ್ವಲ್ಪ ನಗಿ ಅಂದೆ.

"ಅಣ್ಣ, ಮೂರು ಕೈಗೆ ಮೂವತ್ತಾರೇ ಗೆರೆ. ನಿನ್ ಕೈಯೂ ಬೇಕು ಕಣೋ," ಅಂದಳು ಪುಟ್ಟಿ.

"ಮತ್ತೆ ಫೋನ್ ಯಾರು ಹಿಡೀತಾರೆ?"

"ಅಕ್ಕಿ ಡಬ್ಬಕ್ಕೆ ಒರಗಿಸು."

ಒರಗಿಸಿದೆ. ಏನು ಹೇಳಲಿ, ಡಬ್ಬ ನನಗಿಂತ ಚೆನ್ನಾಗಿ ತೆಗೆಯಿತು. ಪುಟ್ಟಿ ಎಣಿಸುವಾಗ ಅದು ಬಾಯಿ ಹಾಕಲಿಲ್ಲ.