ಬುನ್‌ಜೋ ಅಕ್ಕನ ಗಂಡನಿಗೆ ಬಾಯಿ ಬಂದದ್ದು

ಕಡಲ ದಂಡೆಯಲ್ಲಿ ಮೀನು ಒಣಹಾಕುವ ನಮ್ಮಿಬ್ಬರ ಗಳಗಳು ಅಕ್ಕಪಕ್ಕ. ಹಾಗಾಗಿ ಬುನ್‌ಜೋ ಅಕ್ಕನ ಸಂಸಾರದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಅವಳ ಗಂಡ ಹಕ್‌ಬೊಂಗ್ ಮೂವತ್ತೆಂಟು ವರ್ಷದಲ್ಲಿ ಮನೆಯೊಳಗೆ ಆಡಿದ ಮಾತು ಮೂರೇ: "ಊಟ ಹಾಕು", "ದೀಪ ಆರಿಸು", "ಮಲಗು". ನಮ್ಮ ಗ್ಯೊಂಗ್‌ಸಾಂಗ್ ಕಡೆಯ ಗಂಡಸರೇ ಹಾಗೆ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ! ಅಕ್ಕನೂ ಕಡಿಮೆಯವಳಲ್ಲ. ಕೈ ಕುಯ್ದುಕೊಂಡು ರಕ್ತ ಸುರಿದರೂ "ಏನಿಲ್ಲ" ಎನ್ನುವವಳು. ಚಳಿಗೆ ಮುಂಚೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಗಂಡನೊಬ್ಬನೇ ಡಾಕ್ಟರನ್ನು ಕಂಡು ಬಂದು "ಏನಿಲ್ಲವಂತೆ" ಎಂದ. ಅವಳೂ ಅಷ್ಟಕ್ಕೇ ಬಿಟ್ಟಳು.

ಅಂಥವನು ಒಂದು ಬೆಳಿಗ್ಗೆ ಗಳದ ಹತ್ತಿರ ಬಂದು ನಿಂತ. "ಬೇಜಾರಾಗ್ತಿದೆ ಕಣೇ. ಒಬ್ನೇ ಕೂತ್ರೆ ಅನ್ನ ಇಳಿಯಲ್ಲ."

ಅಕ್ಕನ ಕೈಯಿಂದ ಮೀನು ಜಾರಿತು. ಅವನು ಅತ್ತ ಹೋದದ್ದೇ ತಡ, "ಇವ್ರಿಗೆ ಯಾವಳೋ ಮಾತು ಕಲಿಸಿದಾಳೆ ಕಣೇ," ಎಂದಳು.

"ಭಾವನ ಆ ಮೂತಿಗೆ ಯಾವಳಕ್ಕಾ ಬೀಳ್ತಾಳೆ?" ಎಂದೆ. ಆದರೂ ನನಗೂ ಅನುಮಾನದ ಹುಳು ಹೊಕ್ಕಿತು.

ಮರುದಿನ "ಮಂಡಿ ನೋಯ್ತಿದೆ, ಸ್ವಲ್ಪ ಒತ್ತೇ" ಎಂದನಂತೆ. ಅದರ ಮರುದಿನ "ಇವತ್ತು ಕೆಲ್ಸಕ್ಕೆ ಹೋಗ್ಬೇಡ, ಜೊತೇಲೇ ಇರು". ಅಕ್ಕ ಅವನ ಅಂಗಿ ಮೂಸಿ ನೋಡಿದಳು. ಸೆಂಟಿನ ವಾಸನೆಯಲ್ಲ, ಬೆಳ್ಳುಳ್ಳಿ ವಾಸನೆ! ಯಾರ ಮನೆ ಅಡುಗೆಮನೆಯದು? ಗುರುವಾರ ಗುರುವಾರ ತಲೆ ಬಾಚಿಕೊಂಡು ಎಲ್ಲಿಗೋ ಹೊರಡುವುದು ಬೇರೆ.

ಆ ಗುರುವಾರ ಇಬ್ಬರೂ ಅವನ ಬೆನ್ನು ಹತ್ತಿದೆವು. ಅವನು ಊರ ಕಚೇರಿಯ ಮಹಡಿ ಹತ್ತಿದ. ಬಾಗಿಲ ಸಂದಿಯಿಂದ ಇಣುಕಿದರೆ ಏಪ್ರನ್ ಕಟ್ಟಿಕೊಂಡ ಏಳು ಮುದುಕರು ಸೋಯಾ ಸಾರು ಕುದಿಸುತ್ತಿದ್ದರು. ಗೋಡೆಯ ಮೇಲೆ ಬರೆದಿತ್ತು: "ಹೆಂಡತಿಯನ್ನು ಕಳೆದುಕೊಂಡವರಿಗೆ ಅಡುಗೆ ತರಗತಿ".

ನನಗೆ ನಗು ಉಕ್ಕಿತು. ಅಕ್ಕ ನಗಲಿಲ್ಲ.

"ನಾನಿನ್ನೂ ಇದೀನಲ್ಲೇ," ಎಂದಳು. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು.

ನಮ್ಮಲ್ಲಿ ಕೆಟ್ಟ ಕಾಯಿಲೆಯ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ, ಮನೆಯವರ ಕಿವಿಗಷ್ಟೇ ಹಾಕುತ್ತಾರೆ. ನನ್ನ ಅತ್ತೆಗೂ ನಾವು ಹಾಗೇ ಮಾಡಿದ್ದೆವು. ಅಕ್ಕನ ಸ್ಕ್ಯಾನ್ ಆದಾಗಲೂ ಡಾಕ್ಟರನ್ನು ಕಂಡದ್ದು ಭಾವನೊಬ್ಬನೇ.

ಅಕ್ಕ ನೇರ ಒಳಗೆ ಹೋದಳು. ಹಕ್‌ಬೊಂಗ್ ಸೌಟು ಹಿಡಿದು ನಿಂತಲ್ಲೇ ನಿಂತ. ಅವಳು ಸೌಟು ಇಸಿದುಕೊಂಡು ಸಾರಿನ ರುಚಿ ನೋಡಿದಳು.

"ಉಪ್ಪು ಸಾಲ್ದು," ಎಂದಳು. ಆಮೇಲೆ, "ಹೊಟ್ಟೆ ನೋಯುತ್ತೆ ಕಣ್ರೀ. ಬೇಸಿಗೆಯಿಂದ್ಲೂ ನೋಯ್ತಿದೆ. ಹೆದ್ರಿಕೆ ಆಗುತ್ತೆ."

"ನಂಗೂ," ಎಂದ ಹಕ್‌ಬೊಂಗ್.